ಚಕ್ರಬಡ್ಡಿ

ಮುಂಬಯಿಯಲ್ಲಿ ಒಬ್ಬರ ಸಂಬಳ ಎಷ್ಟೆಂದು ತಿಳಿಯಲು ಅವರ ಜೊತೆ ಇಪ್ಪತ್ತು ವರ್ಷ ಒಂದೇ ಲೋಕಲಿನ ಒಂದೇ ಡಬ್ಬಿಯಲ್ಲಿ ಓಡಾಡಿದರೂ ಸಾಲದು. ಮಗಳ ಮದುವೆಗೆ ಕರೆಯುತ್ತಾರೆ, ಮಂಡಿಯ ಎಕ್ಸ್‌ರೇ ತೋರಿಸುತ್ತಾರೆ, ಸೊಸೆಯ ಗುಣಾವಗುಣಗಳನ್ನು ಅಂಧೇರಿಯಿಂದ ದಾದರಿನ ತನಕ ಬಿಡಿಸಿ ಹೇಳುತ್ತಾರೆ. ಸಂಬಳದ ಮಾತು ಬಂತೋ, ಬಾಗಿಲ ಕಡೆ ನೋಡಿ ‘ಮಾಲಾಡ್ ಬಂತಾ?’ ಅನ್ನುತ್ತಾರೆ. ಅದೇ ಮನುಷ್ಯರನ್ನು ಸೈಕಲ್ ಹತ್ತಿಸಿ ಕಾಂದಿವಲಿಯಿಂದ ದಹಿಸರ್ ಚೆಕ್‌ನಾಕಾದ ತನಕ ಕರೆದುಕೊಂಡು ಹೋಗಿ. ಮಾಗಾಠಾಣೆ ದಾಟುವಷ್ಟರಲ್ಲಿ ಸಂಬಳ ಹೊರಬಿದ್ದಿರುತ್ತದೆ. ರಾಷ್ಟ್ರೀಯ ಉದ್ಯಾನದ ಗೇಟಿನ ಹತ್ತಿರ ಪಿಎಫ್ ಬಾಕಿ. ನಾಕಾದ ಕಟಿಂಗ್ ಚಹಾದ ಹೊತ್ತಿಗೆ ಹೆಂಡತಿಗೆ ಗೊತ್ತಿಲ್ಲದ ಒಂದು ಎಫ್‌ಡಿ. ಏದುಸಿರು ಬಿಡುವವರ ಹತ್ತಿರ ಸುಳ್ಳು ಹೇಳುವಷ್ಟು ಉಸಿರು ಉಳಿದಿರುವುದಿಲ್ಲ ಎಂದು ನನ್ನ ಊಹೆ. ಮುಖ ನೋಡದೆ ಮಾತಾಡುವ ಅನುಕೂಲವೂ ಉಂಟು. ಮುಂದಿನವರ ಬೆನ್ನಿಗೆ ಹೇಳಿದ ಗುಟ್ಟು ಅರ್ಧಕ್ಕರ್ಧ ಗಾಳಿಗೆ ಹೋಗುತ್ತದೆಂಬ ಧೈರ್ಯ.

ನಮ್ಮ ಗುಂಪಿಗೆ ಹೆಸರಿಲ್ಲ. ಜರ್ಸಿ ಹೊಲಿಸುವ ಮಾತು ಒಮ್ಮೆ ಬಂದಿತ್ತು. ಅದರ ಬೆನ್ನ ಮೇಲೆ ಯಾವ ಲಿಪಿಯಲ್ಲಿ ಬರೆಯಬೇಕು ಎನ್ನುವಲ್ಲಿಗೆ ನಿಂತಿತು. ಭಾನುವಾರ ಬೆಳಗಿನ ಐದೂವರೆಗೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಅಕುರ್ಲಿ ಮೆಟ್ರೊ ನಿಲ್ದಾಣದ ಕೆಳಗೆ ಸೇರುತ್ತೇವೆ. ಮಳೆ ಬಂದರೂ ಮೇಲೆ ಮೆಟ್ರೊ ಇದೆ; ಸರಕಾರ ನಮಗೆ ಕಟ್ಟಿಸಿಕೊಟ್ಟ ಚಪ್ಪರ ಅದು. ಒಬ್ಬೊಬ್ಬರಿಗೂ ಅವರವರ ಉಳಿತಾಯದ ಮೇಲೆ ಹೆಸರು ಬಿದ್ದಿದೆ. ಬ್ಯಾಂಕಿನಿಂದ ನಿವೃತ್ತರಾದವರು ಪಿಂಚಣಿ ರಾಯರು. ಹೋಟೆಲಿನವರು ಪಿಗ್ಮಿ ಶೆಟ್ಟರು. ಟ್ರ್ಯಾಕ್ಟರ್ ಕಾರ್ಖಾನೆಯ ಫಿಟ್ಟರ್ ಪಿಎಫ್ ಪಾಟೀಲರು. ಮಹಾವೀರ್ ನಗರದಿಂದ ಬರುವ ಗುಜರಾತಿ ಹುಡುಗ ಎಸ್‌ಐಪಿ ಭಾಯಿ. ಹುಡುಗ ಅಂದರೆ ನಲವತ್ತರ ಆಸುಪಾಸು, ನಮ್ಮ ಗುಂಪಿನ ಲೆಕ್ಕದಲ್ಲಿ ಬಾಲಕ. ನಾನು ಅಂಧೇರಿಯ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದವಳು, ಬಿಎಸ್‌ಎ ಲೇಡಿಬರ್ಡ್ ಮೇಲೆ ಬರುವವಳು, ಎಲ್ಲರಿಗೂ ಅಕ್ಕ. ವಯಸ್ಸಿನಲ್ಲಿ ರಾಯರು ನನಗಿಂತ ದೊಡ್ಡವರು. ಆದರೂ ಅಕ್ಕ ಅನ್ನುತ್ತಾರೆ. ಲೆಕ್ಕ ಬರುವವರನ್ನು ತಂಗಿ ಅನ್ನಲು ಬ್ಯಾಂಕಿನವರಿಗೆ ಮನಸ್ಸು ಬರುವುದಿಲ್ಲವೋ ಏನೋ.

ರಾಯರನ್ನು ಮುಂದೆ ಬಿಡುವುದು ರೂಢಿ. ವೇಗಕ್ಕಲ್ಲ, ಪಿಂಚಣಿಗೆ ಸಲ್ಲುವ ಗೌರವ. ಅವರು ಕೆಲಸಕ್ಕೆ ಸೇರಿದ್ದು 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ. ನಿವೃತ್ತರಾಗಲು ಒಂದು ವರ್ಷ ಇರುವಾಗ, 2019ರ ಏಪ್ರಿಲ್ ಒಂದರಂದು, ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮುಂದಿನ ಏಪ್ರಿಲ್ ಒಂದಕ್ಕೆ ಉಡುಪಿಯ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ. ಕರಾವಳಿಯಲ್ಲಿ ಹುಟ್ಟಿದ ಮೂರು ದೊಡ್ಡ ಬ್ಯಾಂಕುಗಳ ಬೋರ್ಡು ಎರಡು ಏಪ್ರಿಲ್ ಒಂದರ ಒಳಗೆ ಇಳಿದವು. ‘ತಾರೀಕು ನೋಡಿ ತಮಾಷೆ ಅಂದುಕೊಂಡಿದ್ದೆ’ ಎನ್ನುತ್ತಾರೆ ರಾಯರು. ಬೋರ್ಡು ಇಳಿದರೂ ಪಿಂಚಣಿ ಇಳಿಯಲಿಲ್ಲ. ಕೊನೆಯ ಸಂಬಳದ ಅರ್ಧದ ಲೆಕ್ಕ, ಮೇಲೆ ಫೆಬ್ರವರಿಗೊಮ್ಮೆ ಆಗಸ್ಟಿಗೊಮ್ಮೆ ಬೆಲೆಯೇರಿಕೆ ನೋಡಿಕೊಂಡು ಬದಲಾಗುವ ತುಟ್ಟಿಭತ್ಯೆ. ಹಾಗಾಗಿ ಈರುಳ್ಳಿ ಬೆಲೆ ಏರಿದಾಗ ಇಡೀ ಕಾಂದಿವಲಿಯಲ್ಲಿ ನೆಮ್ಮದಿಯಿಂದ ಈರುಳ್ಳಿ ಬಜೆ ತಿನ್ನುವವರು ಅವರೊಬ್ಬರೇ. ಇದು ಸಾಲದೆಂದು ನಿವೃತ್ತಿಯಲ್ಲಿ ಬಂದ ಗಂಟನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೂಡಿದ್ದಾರೆ. ಮಿತಿ 2023ರಲ್ಲಿ ಹದಿನೈದು ಲಕ್ಷದಿಂದ ಮೂವತ್ತಕ್ಕೆ ಏರಿದಾಗ ರಾಯರ ಮುಖದಲ್ಲಿದ್ದ ಕಳೆ ಅವರ ಷಷ್ಟ್ಯಬ್ದಿಯ ಫೋಟೊದಲ್ಲೂ ಇಲ್ಲ. 8.2 ಶೇಕಡಾ, ಮೂರು ತಿಂಗಳಿಗೊಮ್ಮೆ 61,500. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಅವರ ಪೆಡಲಿನ ಗತಿಯೇ ಬೇರೆ.

‘ಬಡ್ಡಿ ಎಷ್ಟು ಅಂದ್ರಿ?’ ಎಂದು ಹಿಂದಿನಿಂದ ಕೂಗುವವರು ಶೆಟ್ಟರು. ಗೊತ್ತಿಲ್ಲದೆ ಕೇಳುವುದಲ್ಲ ಅದು. ಜಗತ್ತಿನ ಯಾವ ಸುದ್ದಿ ಬಂದರೂ ಶೆಟ್ಟರು ಮೊದಲು ಬಡ್ಡಿ ಕೇಳಿ ಆಮೇಲೆ ಉಳಿದದ್ದು ಕೇಳುತ್ತಾರೆ. ಅಮೆರಿಕದಲ್ಲಿ ಚುನಾವಣೆ ನಡೆದರೆ, ಅಲ್ಲಿ ಬಡ್ಡಿ ಎಷ್ಟು? ಭಾಯಿಗೆ ಮಗಳು ಹುಟ್ಟಿದಾಗ, ಸುಕನ್ಯಾ ಸಮೃದ್ಧಿಗೆ ಈಗ ಬಡ್ಡಿ ಎಷ್ಟು? ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ನೈಟ್ ಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿದವರು. ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಗ್ರಾಚ್ಯುಟಿ ಎಂಬ ಶಬ್ದ ಕೇಳಿದ್ದು ತಾನು ಕೊಡಬೇಕಾಗಿ ಬಂದಾಗ. ಅವರ ಅರ್ಥಶಾಸ್ತ್ರವೆಲ್ಲ ಪಿಗ್ಮಿಯಿಂದ ಬಂದದ್ದು. ಉಡುಪಿಯಲ್ಲಿ ಟಿ.ಎಂ.ಎ. ಪೈಗಳ ಬ್ಯಾಂಕು 1928ರಲ್ಲಿ ಶುರು ಮಾಡಿದ ಯೋಜನೆ ಅದು: ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಮನುಷ್ಯ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚಪಡುವವರ ಹತ್ತಿರ ಬ್ಯಾಂಕೇ ಮೆಟ್ಟಿಲಿಳಿದು ಬರುವ ಉಪಾಯ. ಶೆಟ್ಟರ ಕ್ಯಾಂಟೀನಿಗೆ ಬರುತ್ತಿದ್ದ ಪಿಗ್ಮಿ ಏಜೆಂಟ್ ಬರುತ್ತಿದ್ದದ್ದೂ ಸೈಕಲ್ ಮೇಲೇ. ‘ಅವ ಬೆಲ್ ಮಾಡಿದ ಕೂಡಲೇ ಕಿಸೆಯಿಂದ ದುಡ್ಡು ತಾನಾಗಿ ಹೊರಗೆ ಬರ್ತಿತ್ತು ಮಾರಾಯ್ರೆ. ಈಗ ನಾನೇ ಸೈಕಲ್ ಹೊಡೀತೇನೆ, ಒಬ್ಬ ಒಂದು ರೂಪಾಯಿ ಕೊಡುದಿಲ್ಲ.’

ಶೆಟ್ಟರಿಗೆ ನಿವೃತ್ತಿಯ ವಯಸ್ಸೆಂಬುದೇ ಇಲ್ಲ. ಹೋಟೆಲಿನವರು ನಿವೃತ್ತರಾಗುವುದು ಮಗ ಗಲ್ಲೆಯ ಮೇಲೆ ಕೂತ ದಿನ. ಇವರ ಮಗ ಕೆನಡಾದಲ್ಲಿ ಕೂತಿದ್ದಾನೆ. ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಟ್ಟು ತಿಂಗಳ ಬಾಡಿಗೆ ತಿನ್ನಬಹುದು, ಕೊಟ್ಟೂ ನೋಡಿದರು. ಆದರೆ ಪ್ರತಿದಿನ ಗಿರಾಕಿಯ ಹಾಗೆ ಹೋಗಿ ಕೂತು, ಸಾಂಬಾರಿಗೆ ಹುಣಸೆಹಣ್ಣು ಕಡಿಮೆಯಾಯಿತೆಂದು ಒಳಗೆ ನುಗ್ಗುತ್ತಿದ್ದರಂತೆ. ಕಂಡಕ್ಟರು ಒಪ್ಪಂದ ಮುಗಿಯುವ ಮೊದಲೇ ಕೈಮುಗಿದ.

ಈ ನಡುವೆ ನನ್ನ ಕೆಲಸ ಲೆಕ್ಕ ಹೇಳುವುದು. ಖಾಸಗಿ ಕಂಪನಿಯವರಿಗೆ ಪಿಂಚಣಿಯೇ ಇಲ್ಲ ಎಂದು ರಾಯರು ಕನಿಕರದಿಂದ ಹೇಳುವಾಗಲೆಲ್ಲ ನಾನು ಪ್ರತಿಭಟಿಸುತ್ತೇನೆ. ಇದೆ. 1995ರ ನವೆಂಬರಿನಿಂದ ಇದೆ. ನಮ್ಮ ಸಂಬಳದ ಮೇಲೆ ಕಂಪನಿ ಕಟ್ಟುವ 12 ಶೇಕಡಾದಲ್ಲಿ 8.33 ಅದಕ್ಕೇ ಹೋಗುತ್ತದೆ. ಆದರೆ ಸಂಬಳ ಎಷ್ಟೇ ಇರಲಿ, 2014ರ ಸೆಪ್ಟೆಂಬರಿನಿಂದ ಲೆಕ್ಕ ನಿಲ್ಲುವುದು 15,000ಕ್ಕೆ. ಅಂದರೆ ತಿಂಗಳಿಗೆ 1,250 ರೂಪಾಯಿ. ಐವತ್ತೆಂಟಕ್ಕೆ ಬರುವ ಪಿಂಚಣಿಯ ಸೂತ್ರ ಬಾಯಿಪಾಠ ಮಾಡುವಷ್ಟು ಚಿಕ್ಕದು: ಆ ಸಂಬಳವನ್ನು ದುಡಿದ ವರ್ಷಗಳಿಂದ ಗುಣಿಸಿ, ಎಪ್ಪತ್ತರಿಂದ ಭಾಗಿಸುವುದು. ಮೂವತ್ತೈದು ವರ್ಷ ಬೆನ್ನು ಬಗ್ಗಿಸಿದವರಿಗೂ 7,500. ಅದೂ ಎಲ್ಲ ವರ್ಷಗಳಿಗೂ 15,000ದ ಲೆಕ್ಕ ಸಿಕ್ಕರೆ. 2014ರ ಹಿಂದಿನ ವರ್ಷಗಳಿಗೆ ಮಿತಿ 6,500 ಮಾತ್ರ. ಇಷ್ಟನ್ನು ನಾನು ಪೊಯಿಸರ್ ಸಿಗ್ನಲಿನಲ್ಲಿ ಕೆಂಪು ದೀಪ ಹಸಿರಾಗುವ ಮೊದಲು ಹೇಳಿ ಮುಗಿಸಿದೆ. ಒಬ್ಬರೂ ಮಾತಾಡಲಿಲ್ಲ. ಆಮೇಲೆ ಭಾಯಿ ತನ್ನ ಹೊಸ ಕ್ಲೀಟ್ ಶೂಗಳನ್ನು ನೋಡಿಕೊಂಡು, ‘ಅಕ್ಕಾ, ಇದಕ್ಕಿಂತ ಇದೇ ಜಾಸ್ತಿ ಆಯ್ತಲ್ಲ’ ಎಂದ. ಅವನಿಗೆ ನಮ್ಮ ಸಹವಾಸದಿಂದ ಅಷ್ಟು ಕನ್ನಡ ಬಂದಿದೆ. ಉಳಿದದ್ದನ್ನು ಹಿಂದಿಯಲ್ಲಿ ತುಂಬಿಸುತ್ತಾನೆ, ಸಾಲದೆ ಬಂದರೆ ಶೇಕಡಾವಾರಿನಲ್ಲಿ.

ಭಾಯಿಯ ಸೈಕಲ್ಲಿನ ಕ್ರಯ ನಮಗೆ ಯಾರಿಗೂ ತಿಳಿಯದು. ಸಂಬಳ ಹೇಳಿದ, ಹೋಮ್ ಲೋನ್ ಹೇಳಿದ, ಸೈಕಲ್ಲಿನ ಬೆಲೆ ಮಾತ್ರ ಎಷ್ಟು ಏರು ಹತ್ತಿಸಿದರೂ ಬಾಯಿ ಬಿಡಲಿಲ್ಲ. ಅದು ಕಾರ್ಬನ್ನಿನದು. ಒಂದು ಕೈಯಲ್ಲಿ ಎತ್ತಿ ತೋರಿಸುವುದು ಅವನ ಅಭ್ಯಾಸ. ಸೀಟಿನ ಕೆಳಗಿನ ಕೊಳವೆಯನ್ನೂ ಕಾರ್ಬನ್ನಿಗೆ ಬದಲಾಯಿಸಿದಾಗ ನೂರು ಗ್ರಾಂ ಉಳಿಯಿತು ಎಂದು ಹಿಗ್ಗಿದ್ದ. ‘ನೂರು ಗ್ರಾಂ ಬೇಕಾದ್ರೆ ಒಂದು ಆದಿತ್ಯವಾರ ಫಾಫ್ಡಾ ಬಿಡಿ ಮಾರಾಯ್ರೆ, ಪುಕ್ಕಟೆ’ ಎಂದರು ಶೆಟ್ಟರು. ಭಾಯಿಗೆ ನಲವತ್ತೈದಕ್ಕೆ ಕೆಲಸ ಬಿಡುವ ಯೋಜನೆ ಇದೆ. ತಿಂಗಳ ಐದನೆಯ ತಾರೀಕಿನೊಳಗೆ ಪಿಪಿಎಫ್‌ಗೆ ದುಡ್ಡು ಬೀಳದಿದ್ದರೆ ಆ ತಿಂಗಳ ಬಡ್ಡಿ ಹೋಯಿತು ಎಂದು ನಮ್ಮನ್ನೆಲ್ಲ ನಾಲ್ಕನೆಯ ತಾರೀಕಿಗೇ ಫೋನ್ ಮಾಡಿ ಎಬ್ಬಿಸುವವನು ಅವನೇ. ಹ್ಯಾಂಡಲಿಗೆ ಕಟ್ಟಿದ ಫೋನಿನಲ್ಲಿ ಎರಡು ಆ್ಯಪ್: ಒಂದರಲ್ಲಿ ತುಳಿದ ಕಿಲೋಮೀಟರ್, ಇನ್ನೊಂದರಲ್ಲಿ ಮ್ಯೂಚುವಲ್ ಫಂಡ್. ಮಾರ್ಚಿನಲ್ಲೋ ಏಪ್ರಿಲ್‌ನಲ್ಲೋ ಸೆನ್ಸೆಕ್ಸ್ ಬಿದ್ದಾಗ ಅವನ ಸರಾಸರಿ ವೇಗವೂ ಬೀಳುತ್ತದೆ. ಬಿದ್ದಾಗಲೇ ಕೊಳ್ಳಬೇಕು, ತಡೆದುಕೊಂಡರೆ ಮುಂದೆ ಬೆಟ್ಟವಾಗುತ್ತದೆ, ಜಗತ್ತಿನ ಎಂಟನೆಯ ಅದ್ಭುತ ಅಂದರೆ ಕಂಪೌಂಡಿಂಗ್ ಎಂದು ಅವನು ಒಂದು ಭಾನುವಾರ ಉಪನ್ಯಾಸ ಕೊಟ್ಟ. ಪಾಟೀಲರು ಸಾವಧಾನವಾಗಿ ಕೇಳಿ, ‘ಚಕ್ರಬಡ್ಡಿ ಅಂತೀವ್ರಿ ನಾವು ಅದಕ್ಕ. ನಮ್ಮಪ್ಪ ಅದರಾಗ ಎರಡ ಎಕರೆ ಕಳಕೊಂಡಾನ’ ಎಂದರು.

ಪಾಟೀಲರು ವಿಜಯಪುರ ಜಿಲ್ಲೆಯವರು. ಕಾಂದಿವಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು, ‘ರೀ’ ಇನ್ನೂ ಊರಲ್ಲೇ ಇದೆ. ಮನೆ ಚಾರ್ಕೋಪಿನಲ್ಲಿ, ವಿಶ್ವಬ್ಯಾಂಕಿನ ಸಾಲದಲ್ಲಿ 1980ರ ದಶಕದಲ್ಲಿ ಹುಟ್ಟಿದ ಆ ಸಾಲುಮನೆಗಳ ಬಡಾವಣೆಯಲ್ಲಿ. ‘ವಿಶ್ವಬ್ಯಾಂಕ್ ನಮ್ಮ ಸಂಡಾಸಕ್ಕ ಸಾಲಾ ಕೊಟ್ಟಾರ್ರಿ, ನಿಮ್ಮ ಬ್ಯಾಂಕ್ ಕೊಟ್ಟಿತ್ತೇನ್ರಿ?’ ಎಂದು ರಾಯರನ್ನು ಕೆಣಕುತ್ತಾರೆ. ಅವರ ಸೈಕಲ್ ಕಪ್ಪು ಅಟ್ಲಾಸ್, ಡಬಲ್ ಬಾರ್, ಹಿಂದೆ ಕ್ಯಾರಿಯರ್. ಒಂದು ಕೈಯಲ್ಲಿ ಎತ್ತುವ ಪ್ರಶ್ನೆಯೇ ಇಲ್ಲ. ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಗೊತ್ತುಮಾಡಿದ್ದು. ಮದುವೆಯ ದಿನವೇ ಡೈವೋರ್ಸ್ ಕಾಗದ ಕಳಿಸುವ ಈ ಧೈರ್ಯ ಯಾವ ಆಡಳಿತ ಮಂಡಳಿಗೆ ಬಂತೋ. ಪಾಟೀಲರು ಮಾತ್ರ ಅಂದಿನಿಂದ ತಮ್ಮ ಸೈಕಲ್ಲನ್ನು ಇನ್ನೂ ಹೆಚ್ಚು ಒರೆಸತೊಡಗಿದ್ದಾರೆ. ಇನ್ನು ಮುಂದೆ ಸಿಗದ ಮಾಲು, ಬೆಲೆ ಏರುತ್ತದೆ ಎನ್ನುವ ಅಂದಾಜು. ಗುಂಪಿನಲ್ಲಿ ನಿಜವಾದ ದೀರ್ಘಾವಧಿ ಹೂಡಿಕೆ ಮಾಡಿದವರು ಅವರು ಎಂದು ಭಾಯಿಯೂ ಒಪ್ಪಿದ.

ಆಟದ ಮಾತು ಬಂದರೆ ಪಾಟೀಲರ ಮುಂದೆ ನಾವೆಲ್ಲ ಸುಮ್ಮನಿರಬೇಕು. ನಮಗೆ ಸೈಕಲ್ ಅಂದರೆ ಸಕ್ಕರೆ ಕಾಯಿಲೆಯ ಔಷಧ. ವಿಜಯಪುರ, ಬಾಗಲಕೋಟೆ ಕಡೆ ಅದು ಹೊಟ್ಟೆಪಾಡು. ಅಲ್ಲಿನ ಕ್ರೀಡಾ ವಸತಿನಿಲಯದ ಹುಡುಗ ಹುಡುಗಿಯರು ರಾಷ್ಟ್ರೀಯ ಪದಕಗಳನ್ನು ತಂದಿದ್ದಾರೆ. ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲಿ ನೌಕರಿ. ಪಾಟೀಲರ ಅಣ್ಣನ ಮಗನೂ ಆ ದಾರಿಯಲ್ಲಿದ್ದಾನೆ. ‘ಅಂವಾ ಬಿಸಿಲಾಗ ನೂರ ಕಿಲೋಮೀಟರ್ ಹೊಡೀತಾನ್ರಿ, ನಿವೃತ್ತಿ ವೇತನದ ಸಲುವಾಗಿ.’ ಹದಿನೇಳು ವರ್ಷದ ಹುಡುಗನ ತಲೆಯಲ್ಲಿ ಅರುವತ್ತರ ಚಿಂತೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಅದು ಚಿಕ್ಕಪ್ಪನ ತಲೆಯಲ್ಲಿರುವುದು. ರಾಯರಿಗೆ ಇಂಥದ್ದಕ್ಕೆ ದೊಡ್ಡ ಉದಾಹರಣೆ ಬೇಕು. ಬೆಂಗಳೂರಿನ ಸೇನಾ ವೈದ್ಯ ಶ್ರೀನಿವಾಸ ಗೋಕುಲನಾಥ್ 2017ರಲ್ಲಿ ಅಮೆರಿಕವನ್ನು ಒಂದು ಕಡಲಿಂದ ಇನ್ನೊಂದು ಕಡಲಿಗೆ, 4,900 ಕಿಲೋಮೀಟರಿನಷ್ಟು, ಒಬ್ಬರೇ ಸೈಕಲ್ ತುಳಿದು ಹನ್ನೆರಡು ದಿನದೊಳಗೆ ಮುಗಿಸಿದ್ದನ್ನು ಹೇಳಿದರು. ಅದಕ್ಕೆ ಎಷ್ಟು ಕೊಟ್ಟರಂತೆ ಎಂದರು ಶೆಟ್ಟರು. ದುಡ್ಡು ಬರುವ ಸ್ಪರ್ಧೆಯಲ್ಲ, ಹೋಗುವ ಸ್ಪರ್ಧೆ ಎಂದು ತಿಳಿದ ಮೇಲೆ ಒಂದು ಕಿಲೋಮೀಟರ್ ಮಾತಾಡಲಿಲ್ಲ.

ಕ್ರಿಕೆಟ್ಟಿನಲ್ಲಿ ಮುಂಬಯಿ ಕನ್ನಡಿಗರ ಪಾಡು ಬೇರೆ. ಐಪಿಎಲ್ ಬಂದರೆ ಮಕ್ಕಳು ನೀಲಿ ಅಂಗಿ, ನಾವು ಕೆಂಪು. ಇಲ್ಲಿ ಐದು ಕಪ್ ಒಣಗಲು ಹಾಕಿದ್ದಾರೆ, ನಾವು ಹದಿನೇಳು ವರ್ಷ ಕಾದೆವು. ರಾಯರ ಕಥೆ ಅದಕ್ಕಿಂತ ಹಳೆಯದು. 1973–74ರ ರಣಜಿ ಸೆಮಿಫೈನಲ್ಲು ಬೆಂಗಳೂರಿನಲ್ಲಿ; ಹದಿನೈದು ವರ್ಷ ಸತತವಾಗಿ ಗೆದ್ದ ಮುಂಬಯಿ; ವಿಶ್ವನಾಥ್ 162, ಬ್ರಿಜೇಶ್ 106; ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್, ವಾಡೇಕರ್ ಕಾಲು ಜಾರಿ ರನ್‌ ಔಟ್. ಊರಿನ ರೇಡಿಯೊ ಮುಂದೆ ಕೂತಿದ್ದ ಹುಡುಗ ಇಂದಿಗೂ ಆ ಕಾಲು ಜಾರಿದ್ದನ್ನು ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಅದಕ್ಕೆ ಮುಂಬಯಿ ತೀರಿಸಿಕೊಂಡ ಸೇಡು 2010ರ ಜನವರಿಯಲ್ಲಿ ಮೈಸೂರಿನ ಫೈನಲ್ಲು: 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದೂ ಆರು ರನ್ನಿಗೆ ಕರ್ನಾಟಕ ಸೋತಿತು. ಆ ಆರು ರನ್ನು ರಾಯರ ಲೆಡ್ಜರಿನಲ್ಲಿ ಹದಿನೈದು ವರ್ಷ ಬಾಕಿ ತೋರಿಸುತ್ತಿತ್ತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತು. ಅಂತರ ಆರೇ ರನ್ನು! ‘ಖಾತೆ ಚುಕ್ತಾ’ ಎಂದು ರಾಯರು ನಡುರಾತ್ರಿ ಎಲ್ಲರಿಗೂ ಸಂದೇಶ ಕಳಿಸಿದರು. ಜೂನ್ 3 ಅಂದರೆ ನಮ್ಮ ಸೈಕಲ್ ದಿನವೂ ಹೌದು ಎಂದು ಪಾಟೀಲರು ನೆನಪಿಸಿದರು. ‘ಹದಿನೈದು ವರ್ಷಕ್ಕೆ ಆರಕ್ಕೆ ಆರೇ ಬಂತಾ? ಬಡ್ಡಿ ಎಲ್ಲಿ?’ ಎಂದು ಶೆಟ್ಟರ ಉತ್ತರ ಬಂತು. ಭಾಯಿ ಏನೂ ಬರೆಯಲಿಲ್ಲ. ಅವನ ಗುಜರಾತ್ 2017ರಲ್ಲಿ ಇಂದೋರಿನಲ್ಲಿ ಇದೇ ಮುಂಬಯಿಯನ್ನು ಸೋಲಿಸಿ ರಣಜಿ ಎತ್ತಿದ್ದನ್ನು ಅವನು ವರ್ಷಕ್ಕೊಮ್ಮೆ ಮಾತ್ರ ಹೇಳುತ್ತಾನೆ; ಇಳಿಯುವವರೆಗೂ ಹೇಳದೆ ಇಟ್ಟುಕೊಂಡ ಶೇರಿನ ಟಿಪ್ಪಿನಂತೆ.

ದಾರಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಊರಿನಲ್ಲಿ ಚೆಂದದ ರಸ್ತೆ ಕಟ್ಟಿದಾಗೆಲ್ಲ ಮೊದಲು ಸೈಕಲ್ಲಿಗೆ ಅಡ್ಡಗೀಟು ಹಾಕಿದ ಬೋರ್ಡು ನಿಲ್ಲಿಸುತ್ತಾರೆ. 2009ರಲ್ಲಿ ಬಾಂದ್ರಾ–ವರಳಿ ಸೀ ಲಿಂಕ್, 2024ರಲ್ಲಿ ಅಟಲ್ ಸೇತು, ಅದೇ ವರ್ಷ ಕೋಸ್ಟಲ್ ರೋಡು. ಮೂರರಲ್ಲೂ ನಮಗೆ ಪ್ರವೇಶವಿಲ್ಲ. ಪ್ರವೇಶವಿರುವುದು ಅಗೆದ ರಸ್ತೆಗಳಿಗೆ, ಅಗೆಯಲಿರುವ ರಸ್ತೆಗಳಿಗೆ. ಹಾಗಾಗಿ ಹೈವೇ ಬೇಸರ ಬಂದ ದಿನ ಮಾರ್ವೆಗೆ ಹೋಗುತ್ತೇವೆ. ಅಲ್ಲಿಂದ ಮನೋರಿಗೆ ಫೆರ್ರಿ. ಸೈಕಲ್ಲಿಗೂ ಬೇರೆ ಟಿಕೆಟ್ಟು. ಸೈಕಲ್ಲಿಗೆ ಹಿರಿಯ ನಾಗರಿಕರ ರಿಯಾಯಿತಿ ಇಲ್ಲವೇ ಎಂದು ರಾಯರು ಪ್ರತಿಸಲ ಕೇಳುತ್ತಾರೆ; ಪಾಟೀಲರ ಅಟ್ಲಾಸಿಗಾದರೂ ಕೊಡಬೇಕಿತ್ತು. ಆಚೆ ದಡ ಹತ್ತಿದರೆ ಗೊರಾಯಿ, ಉತ್ತನ್, ಭಾಯಂದರ್ ಸುತ್ತಿ ಹೈವೇಗೆ ಮರಳುವ ದಾರಿ. ತೆಂಗು, ಶಿಲುಬೆ ನೆಟ್ಟ ತಿರುವುಗಳು, ಹಂಚಿನ ಮನೆ, ಮಹಾನಗರಪಾಲಿಕೆ ಮರೆತುಹೋದ ಗಾಳಿ.

ಉತ್ತನ್ನಿನಲ್ಲಿ ಬಿದಿರಿನ ಗಳುಗಳಿಗೆ ಬೊಂಬಿಲ್ ಮೀನು ಒಣಗಲು ಹಾಕುತ್ತಾರೆ, ಸಾಲು ಸಾಲಾಗಿ, ರಸ್ತೆಯುದ್ದಕ್ಕೂ. ಶೆಟ್ಟರು ಅಲ್ಲಿ ಸೈಕಲ್ ನಿಲ್ಲಿಸಿ ಕಣ್ಣು ಮುಚ್ಚಿ ಮೂಗರಳಿಸುತ್ತಾರೆ. ಮಲ್ಪೆಯ ವಾಸನೆಯಂತೆ. ಬೆಳಿಗ್ಗೆಯೇ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸಿನ ಹತ್ತಿರ ಮಣ ಎಷ್ಟು, ಮಳೆಗಾಲದವರೆಗೆ ಇಟ್ಟರೆ ಎಷ್ಟಾಗುತ್ತದೆ ಎಂದು ವಿಚಾರಿಸಿ, ಅದು ತಿಂಗಳಿಗೆ ಎಷ್ಟು ಬಡ್ಡಿ ಬಿದ್ದ ಹಾಗಾಯಿತೆಂದು ನನ್ನಿಂದ ಲೆಕ್ಕ ಹಾಕಿಸುತ್ತಾರೆ. ಒಣಮೀನಿನಷ್ಟು ಆದಾಯ ಕೊಡುವ ಮ್ಯೂಚುವಲ್ ಫಂಡು ಇಲ್ಲವೆಂದು ಅಲ್ಲೇ ತೀರ್ಮಾನ. ಇದನ್ನು ಭಾಯಿಗೆ ಹೇಳಲಾಗುವುದಿಲ್ಲ, ಭಾಯಿ ಅಲ್ಲಿರುವುದಿಲ್ಲ. ಅವನು ಜೈನ, ಬೆಳ್ಳುಳ್ಳಿಯನ್ನೂ ಮುಟ್ಟದವನು. ಮೊದಲ ಗಳು ಕಂಡದ್ದೇ ತಡ, ಉಸಿರು ಕಟ್ಟಿ ಹೊರಡುತ್ತಾನೆ. ಅವನ ಆ್ಯಪಿನಲ್ಲಿ ಅವನ ಅತ್ಯಂತ ವೇಗದ ದಾಖಲೆ ಇಂದಿಗೂ ಆ ಮೀನಿನ ರಸ್ತೆಯದೇ. ಅದನ್ನು ನೋಡಿ ಆಫೀಸಿನ ಗೆಳೆಯರು, ಯಾವ ತರಬೇತಿ ಎಂದು ಕೇಳುತ್ತಾರಂತೆ.

ವಾಪಸು ಬರುವಾಗ ಇಡ್ಲಿ. ಅದು ಶೆಟ್ಟರ ಹೋಟೆಲಿನದಲ್ಲ. ಅವರೇ ಬೇಡವೆನ್ನುತ್ತಾರೆ, ಬಿಲ್ ಕೊಡಲು ಸಂಕೋಚ, ಕೊಡದಿರಲು ಇನ್ನೂ ಸಂಕೋಚ ಎಂದು. ಹೈವೇ ಪಕ್ಕ ಸೈಕಲ್ ಮೇಲೆ ಸ್ಟೀಲ್ ಡಬ್ಬಿ, ಚಟ್ನಿ, ಸಾಂಬಾರಿನ ಕ್ಯಾನ್ ಕಟ್ಟಿಕೊಂಡು ಪೋಂ ಪೋಂ ಹಾರ್ನ್ ಒತ್ತುತ್ತ ಬರುವ ತಮಿಳು ಅಣ್ಣ. ಅವರ ಸೈಕಲ್ಲಿನ ತೂಕ ಭಾಯಿಯ ಆರು ಸೈಕಲ್ಲುಗಳಿಗೆ ಸಮ. ಭಾನುವಾರವೆಂಬ ರಿಯಾಯಿತಿಯೂ ಇಲ್ಲ. ಅವರು ತುಳಿಯುವ ಕಿಲೋಮೀಟರುಗಳನ್ನು ಯಾವ ಆ್ಯಪೂ ಎಣಿಸಿಲ್ಲ. ಒಂದು ಸಲ ಭಾಯಿಗೆ ಪರೋಪಕಾರದ ಹುಕಿ ಬಂತು. ಅಟಲ್ ಪಿಂಚಣಿ ಯೋಜನೆಯನ್ನು, 2015ರಲ್ಲಿ ಬಂದದ್ದು, ಅರುವತ್ತಕ್ಕೆ ಸಾವಿರದಿಂದ ಐದು ಸಾವಿರದವರೆಗೆ ತಿಂಗಳ ಪಿಂಚಣಿ, ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತ ಎಂದು ಫೋನಿನಲ್ಲಿ ಚಿತ್ರ ಸಮೇತ ವಿವರಿಸಿದ. ಇಡ್ಲಿ ಅಣ್ಣ ಗಮನವಿಟ್ಟು ಕೇಳಿದರು. ಸೇರುವ ವಯಸ್ಸು ಹದಿನೆಂಟರಿಂದ ನಲವತ್ತು ಎಂದಾಗ, ಇನ್ನೆರಡು ಇಡ್ಲಿ ಹಾಕುತ್ತ ಹೇಳಿದರು: ‘ಮೇರೇಕೋ ಛಿಯಾಲೀಸ್ ಹೋ ಗಯಾ.’ ನಲವತ್ತಾರು ಆಗಿಹೋಗಿತ್ತು. ಆಮೇಲೆ ಭಾಯಿಯ ಸೈಕಲ್ಲನ್ನು ಸುತ್ತು ಹಾಕಿ ನೋಡಿ, ಕ್ಯಾರಿಯರ್ ಯಾಕೆ ಇಲ್ಲ, ದುಡ್ಡು ಸಾಲಲಿಲ್ಲವೇ ಎಂದು ವಿಚಾರಿಸಿದರು. ಭಾಯಿ ಇಡ್ಲಿಗೆ ಕೊಟ್ಟ ನೋಟಿಗೆ ಚಿಲ್ಲರೆ ತೆಗೆದುಕೊಳ್ಳಲು ಮರೆತ. ಅಣ್ಣ ನೆನಪಿಟ್ಟು ಮುಂದಿನ ವಾರ ಕೊಟ್ಟರು.

ಇಷ್ಟೆಲ್ಲ ಉಳಿಸಿ ಎಲ್ಲಿಗೆ ಹೋಗುವುದು? ಅಲ್ಲಿ ಮಾತ್ರ ಪೂರ್ತಿ ಒಮ್ಮತ. ಊರಿಗೆ. ಮುಂಬಯಿಯಲ್ಲಿ ನಲವತ್ತು ವರ್ಷ ಇದ್ದವರೂ ತಾವು ಇಲ್ಲಿಗೆ ಸ್ವಲ್ಪ ದಿನದ ಮಟ್ಟಿಗೆ ಬಂದವರಂತೆಯೇ ಮಾತಾಡುತ್ತಾರೆ. ಶೆಟ್ಟರು ಊರಿನಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಎರಡು ಬಸ್ ಜನ ಕರೆದುಕೊಂಡು ಹೋಗಿ, ಮೂರನೆಯ ದಿನ ಬೀಗ ಹಾಕಿ ಬಂದರು. ಬೀಗದ ಕೈ ಇಲ್ಲಿ ಗಲ್ಲಾಪೆಟ್ಟಿಗೆಯಲ್ಲಿದೆ. ಪಾಟೀಲರಿಗೆ ಊರಲ್ಲಿ ಉಳಿದ ಎರಡು ಎಕರೆಯಲ್ಲಿ ಲಿಂಬೆ ಹಾಕುವ ಆಸೆ. ಆದರೆ ಚಾರ್ಕೋಪಿನ ಮನೆಗೆ ರೀಡೆವಲಪ್‌ಮೆಂಟ್ ಬರುತ್ತದೆಂದು ಸುದ್ದಿ. ಬಂದರೆ ಕಾರ್ಪಸ್ ಎಷ್ಟು, ಕಾರ್ಪೆಟ್ ಎಷ್ಟು ಎಂದು ತಿಳಿಯುವ ತನಕ ಕದಲುವಂತಿಲ್ಲ. ಮುಂಬಯಿಯವರ ನಿಜವಾದ ಪಿಎಫ್ ಅವರು ಕೂತಿರುವ ನಾನೂರು ಚದರಡಿ. ಅದನ್ನು ತೆಗೆಯಬೇಕಾದರೆ ಎದ್ದು ನಿಲ್ಲಬೇಕು, ಕಷ್ಟ ಅದೊಂದೇ. ಭಾಯಿಗೂ ಒಂದು ಊರಿದೆಯಂತೆ, ಭಾವನಗರದ ಹತ್ತಿರ. ಅವನು ನೋಡಿಲ್ಲ.

ನಮ್ಮಲ್ಲಿ ನಿಜವಾಗಿ ಊರಿಗೆ ಹೋಗಿ ನೋಡಿದವರು ರಾಯರು. ಕೋಟದ ಹತ್ತಿರ ಹಿರಿಯರ ಮನೆಯನ್ನು ರಿಪೇರಿ ಮಾಡಿಸಿ, ಮತ್ಸ್ಯಗಂಧ ರೈಲಿನ ಲಗೇಜು ಡಬ್ಬಿಯಲ್ಲಿ ಸೈಕಲ್ ಬುಕ್ ಮಾಡಿ, ಹೆಂಡತಿ ಸಮೇತ ಹೋದರು. ಕಾಂದಿವಲಿಯಲ್ಲಿ ನಾವು ಹಾರ ಹಾಕಿ ಕಳಿಸಿದ್ದೆವು. ಬೆಳಿಗ್ಗೆ ಕಡಲ ತನಕ, ಸಂಜೆ ಗದ್ದೆಯ ಬದಿಯಲ್ಲಿ ಸೈಕಲ್ ಸವಾರಿ, ಮಧ್ಯೆ ತಿಳಿಸಾರು. ಮೂರು ತಿಂಗಳು ದಾಟುವ ಮೊದಲು ಅಕುರ್ಲಿ ಮೆಟ್ರೊ ಕೆಳಗೆ ನಮಗಿಂತ ಮುಂಚೆ ಬಂದು ನಿಂತಿದ್ದರು. ಏನಾಯಿತೆಂದು ಕೇಳಿದರೆ ಹೇಳಲಿಲ್ಲ. ದಹಿಸರ್ ಕಡೆ ತಿರುಗಿ, ಏರು ಹತ್ತಿ, ಏದುಸಿರು ಬಂದ ಮೇಲೆ ಹೇಳಿದರು.

ಮೊದಲ ದಿನ ಹೆಲ್ಮೆಟ್ ಹಾಕಿ ಹೊರಟಾಗ ಆಟೊದವನು ನಿಲ್ಲಿಸಿದನಂತೆ: ‘ಎಂತ ರಾಯ್ರೆ, ಗಾಡಿ ಹಾಳಾಯ್ತಾ? ಹತ್ತಿ, ದುಡ್ಡ್ ಬ್ಯಾಡ.’ ಎರಡನೆಯ ದಿನ ದೇವಸ್ಥಾನದ ಭಟ್ಟರು ಬೈಕು ನಿಲ್ಲಿಸಿ, ಕೆಳಗಿಂದ ಮೇಲಕ್ಕೆ ನೋಡಿ, ಏನನ್ನೂ ಕೇಳದೆ ಪ್ರಸಾದ ಕೊಟ್ಟು ಹೋದರು. ಊರಲ್ಲಿ ಕೂಲಿಗೆ ಬರುವವರೂ ಸ್ಕೂಟಿಯಲ್ಲಿ ಬರುವ ಕಾಲ. ಮುಂಬಯಿಯಲ್ಲಿ ಮ್ಯಾನೇಜರಾಗಿದ್ದವರು ಚಡ್ಡಿ ಹಾಕಿಕೊಂಡು ಸೈಕಲ್ ತುಳಿಯುವುದೆಂದರೆ ಕಾರಣ ಒಂದೇ ಇರಬೇಕು. ಪೇಟೆಯಲ್ಲಿ ವಿಜಯಾ ಬ್ಯಾಂಕಿನ ಬೋರ್ಡು ಇಳಿದದ್ದನ್ನು ಊರವರೆಲ್ಲ ನೋಡಿದ್ದರು. ಈಗ ರಾಯರು ಸೈಕಲ್ ತುಳಿಯುವುದನ್ನೂ ನೋಡಿದರು. ಎರಡನ್ನೂ ಕೂಡಿಸಿದರು. ಬ್ಯಾಂಕೇ ಇಲ್ಲವಂತೆ, ಪಿಂಚಣಿ ಎಲ್ಲಿಂದ ಬರಬೇಕು? ಅಂಗಡಿಯವರು ಸಾಮಾನು ಕೊಟ್ಟು ‘ದುಡ್ಡು ನಿಧಾನಕ್ಕೆ ಕೊಡಿ’ ಎನ್ನತೊಡಗಿದರು. ತುಟ್ಟಿಭತ್ಯೆಯ ಲೆಕ್ಕ ವಿವರಿಸಲು ರಾಯರು ಪಾಸ್‌ಬುಕ್ಕನ್ನೇ ಕಿಸೆಯಲ್ಲಿಟ್ಟುಕೊಂಡು ಹೊರಟರು. ಪಾಪ, ತಲೆಗೂ ಹತ್ತಿದೆ ಎಂದಾಯಿತು.

ಒಂದು ಸಂಜೆ ದೊಡ್ಡಪ್ಪನ ಮಗ ಬಂದರು. ಎಂಬತ್ತರ ಮನುಷ್ಯ, ಜೀವಮಾನದಲ್ಲಿ ಯಾರಿಗೂ ಕಾಸು ಬಿಚ್ಚಿದವರಲ್ಲ. ರಾಯರ ಹೆಂಡತಿ ಕಾಫಿಗೆ ಒಳಗೆ ಹೋಗುವುದನ್ನೇ ಕಾದು, ಕುರ್ಚಿ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರಂತೆ: ‘ಮಾಣಿ, ಅಡ್ಕಿ ಮಾರಿದ್ ದುಡ್ಡ್ ಇತ್ತ್. ಎರಡ್ ಲಕ್ಷದ್ ವರೆಗೆ ಆತ್ತ್. ಯಾರಿಗೂ ಹೇಳುಕ್ ಹೋಯ್ಬೇಡ.’

ನಾನು ಬ್ರೇಕ್ ಹಿಡಿದು ನಕ್ಕೆ. ಪಾಟೀಲರು ಅಟ್ಲಾಸನ್ನು ಕಂಬಕ್ಕೆ ಒರಗಿಸಿ ನಕ್ಕರು. ಭಾಯಿಗೆ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿಸಿಕೊಳ್ಳಬೇಕಾಯಿತು. ಆಮೇಲೆ ಅವನೂ ನಕ್ಕ. ಶೆಟ್ಟರು ಮಾತ್ರ ನಗಲಿಲ್ಲ. ಪೆಡಲ್ ಒತ್ತಿ ರಾಯರ ಪಕ್ಕಕ್ಕೆ ಬಂದು, ಹ್ಯಾಂಡಲಿಗೆ ಹ್ಯಾಂಡಲ್ ತಾಗುವಷ್ಟು ಹತ್ತಿರ ನಿಂತು, ದನಿ ತಗ್ಗಿಸಿ ಕೇಳಿದರು:

‘ಬಡ್ಡಿ ಎಷ್ಟಂತೆ?’